ಒಂದಾಣೆ ಬೀಜಕ್ಕೆ

“ನೆಲಕ್ಕೆ ತಾಕಿಸ್ಬೇಡ ಕಣವ್ವ, ಎರಡೂ ಕೈಲಿ ಹಿಡ್ಕೊ,” ಎನ್ನುತ್ತ ಪ್ರಭುದೇವ ದೇವರಮನೆಯ ಹಲಗೆಯ ಮೇಲಿಂದ ಕಾವಿ ಬಟ್ಟೆಯ ಗಂಟನ್ನು ಇಳಿಸಿ ಮಗಳಿಗೆ ಕೊಟ್ಟರು. ಒಳಗೆ ಒಂಬತ್ತು ಉದ್ದ ನೋಟ್‌ಬುಕ್ಕುಗಳಿದ್ದವು. ರೂಪಶ್ರೀ ಗಂಟನ್ನು ಎದೆಗೊತ್ತಿಕೊಂಡು ನಡುಮನೆಗೆ ಬಂದಳು.

ತಾತ ಚನ್ನವೀರಯ್ಯ ಗೋಡೆಗೊರಗಿ ಕುರ್ಚಿಯಲ್ಲಿ ಕೂತಿದ್ದರು. ಬೆಳಗಿನ ಜಾವ ಉಸಿರು ನಿಂತಿತ್ತು. ಕುಣಿಗಲ್ಲಿನಿಂದ ಮೊದಲ ಬಸ್ಸು ಹಿಡಿದು ರೂಪ ಶಿರಾ ಗೇಟಿನ ಮನೆ ಸೇರುವಷ್ಟರಲ್ಲಿ ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಕೂರಿಸಿಯಾಗಿತ್ತು. ಗಲ್ಲದಿಂದ ನೆತ್ತಿಗೆ ಬಿಳಿ ಬಟ್ಟೆ ಕಟ್ಟಿದ್ದರಿಂದ ಅವರು ಹಲ್ಲುನೋವು ಬಂದವರ ಹಾಗೆ ಕಾಣುತ್ತಿದ್ದರು. ಮಾಲೆಯ ಮೇಲೆ ಮಾಲೆ ಬಿದ್ದು ಗಲ್ಲದ ತನಕ ಬಂದಿತ್ತು.

ಬಂದವರಿಗೆಲ್ಲ ಪ್ರಭುದೇವ ಒಂದೇ ಮಾತು ಹೇಳುತ್ತಿದ್ದರು. ಅಪ್ಪಾಜಿ ಹದಿಮೂರು ವರ್ಷ ಒಂದು ಸಂಜೆಯೂ ತಪ್ಪಿಸದೆ ಶಿವನಾಮ ಬರೆದರು, ಒಂಬತ್ತು ಪುಸ್ತಕ ತುಂಬಿದೆ, ಲಕ್ಷಗಟ್ಟಲೆ ಆಗಿರಬೇಕು. ಕೇಳಿದವರು ಗಂಟಿಗೆ ಕೈಮುಗಿಯುತ್ತಿದ್ದರು. ಜಪ ಬರೆದ ಪುಸ್ತಕ ಬರೆದವರ ಜೊತೆಗೇ ಮಣ್ಣಿಗೆ ಹೋಗಬೇಕು, ಸಮಾಧಿಯಲ್ಲಿ ಬಲಗಡೆ ಇಡೋಣ ಎಂದು ವಿಧಿ ಮಾಡಿಸಲು ಬಂದ ಅಯ್ಯನವರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ರೂಪ ಗಂಟನ್ನು ಇನ್ನಷ್ಟು ಬಿಗಿದಳು. ಆ ಒಂಬತ್ತು ಪುಸ್ತಕಗಳಲ್ಲಿ ಶಿವನ ಹೆಸರಿದ್ದದ್ದು ಪ್ರತಿ ಪುಟದ ಮೊದಲ ಸಾಲಿನಲ್ಲಿ ಮಾತ್ರ. ಅದರ ಕೆಳಗೆಲ್ಲ ಇದ್ದದ್ದು ಒಂದು ಬಾತುಕೋಳಿ.

*

ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಟೀಚರು ಪ್ರೋಗ್ರೆಸ್ ಕಾರ್ಡಿನಲ್ಲಿ ‘ಮಾತೇ ಆಡುವುದಿಲ್ಲ’ ಎಂದು ಕೆಂಪು ಇಂಕಿನಲ್ಲಿ ಬರೆದು ಕಳಿಸಿದ್ದರು. ಅದೇ ವರ್ಷ ತಾತ ಮಂಡಿನೋವು ಜಾಸ್ತಿಯಾಗಿ ಹುಣಸೆಹಣ್ಣಿನ ಅಂಗಡಿಯ ಕೆಲಸ ಬಿಟ್ಟಿದ್ದರು. ನಲವತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ: ಮೂಟೆಗೆ ಕೈ ಹಾಕಿ ಒಂದು ಹಣ್ಣು ಮುರಿದು, ಬೆಳಕಿಗೆ ಹಿಡಿದು, ನಾಲಿಗೆಗೆ ಮುಟ್ಟಿಸಿ ‘ಹನ್ನೆರಡಾಣೆ ಮಾಲು’, ‘ಎಂಟಾಣೆ ಮಾಲು’ ಎಂದು ಹೇಳುವುದು. ಆಣೆ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಗಿದ್ದರೂ ಅವರ ನಾಲಿಗೆಯಿಂದ ಹೋಗಿರಲಿಲ್ಲ.

ಸಂಜೆ ಐದಕ್ಕೆ ಟೀವಿಯಲ್ಲಿ ‘ಬುಡ್ಡಣ್ಣ ಬಾತುಕೋಳಿ’ ಬರುತ್ತಿತ್ತು. ನೀರಿಗೆ ಹೆದರುವ ಬಾತುಕೋಳಿಯೊಂದು ಊರಿನಲ್ಲಿ ಛತ್ರಿ ರಿಪೇರಿ ಅಂಗಡಿ ಇಟ್ಟುಕೊಂಡ ಕತೆ. ಮೊದಲ ದಿನ ಕಂತು ಮುಗಿದ ಮೇಲೆ ತಾತ ಕೇಳಿದರು.

“ಎಷ್ಟಾಣೆ ಮಾಲು?”

ರೂಪ ಬೆರಳು ತೋರಿಸಿದಳು. ಹತ್ತು.

“ಯಾಕೆ?”

ತಾತ ಒತ್ತಾಯ ಮಾಡಲಿಲ್ಲ. ಟೀವಿ ಆರಿಸಿ, ಕೈಕಟ್ಟಿ ಕೂತರು. ಅಜ್ಜಿ ಕಲ್ಲಮ್ಮ ಕಾಫಿ ತಂದಿಟ್ಟರೂ ಮುಟ್ಟಲಿಲ್ಲ. ಕಾಫಿ ಆರಿತು. ಕಾಲು ಗಂಟೆಯಾದ ಮೇಲೆ ರೂಪ ಹೇಳಿದಳು.

“ಹಲ್ಲು ಕಿತ್ತಿದ್ದಕ್ಕೆ ಮೊಸಳೆ ಥ್ಯಾಂಕ್ಸ್ ಹೇಳ್ಲಿಲ್ಲ.”

ತಾತ ಎದ್ದು ಹೋಗಿ ಒಂದು ನೋಟ್‌ಬುಕ್ಕು ತಂದರು. ಅಂಗಡಿಯ ರೂಢಿಯಂತೆ ಪುಟದ ಮೇಲೆ ‘ಓಂ ನಮಃ ಶಿವಾಯ’ ಬರೆದು, ಕೆಳಗೆ ಗೆರೆ ಎಳೆದು ಎರಡು ಕಾಲಂ ಮಾಡಿದರು. ‘ಮೊಸಳೆಗೆ ಹಲ್ಲುನೋವು. ಶುರುವಿನಲ್ಲಿ ಒಣಗಿದೆ. ನಡುವೆ ಹುಳಿ ಚೆನ್ನಾಗಿದೆ. ಹಾಡು ಬೇಡವಾಗಿತ್ತು. ತಾತ: ಹನ್ನೆರಡಾಣೆ. ರೂಪ: ಹತ್ತಾಣೆ. ಯಾಕೆ: ಮೊಸಳೆ ಥ್ಯಾಂಕ್ಸ್ ಹೇಳಲಿಲ್ಲ.’

ಎಷ್ಟು ನಕ್ಕರೂ ಅವರು ಹದಿನಾರಕ್ಕೆ ಹದಿನೈದರ ಮೇಲೆ ಕೊಟ್ಟವರಲ್ಲ. ಒಂದಾಣೆ ಬೀಜಕ್ಕೆ ಬಿಡಬೇಕು, ಬೀಜ ಇಲ್ಲದ ಹಣ್ಣು ಎಲ್ಲಿದೆ ಎನ್ನುತ್ತಿದ್ದರು.

*

ಗಾಡಿ ಗುಬ್ಬಿ ದಾಟಿ ಹಾಗಲವಾಡಿಯ ಕಡೆ ತಿರುಗಿತು. ಅಲ್ಲಿ ಅವರದೊಂದು ತುಂಡು ಹೊಲವಿತ್ತು, ಸಮಾಧಿಗೆ ಗುಂಡಿ ತೋಡಿದ್ದು ಅಲ್ಲೇ. ತಾತನ ಜೊತೆ ಅಂಗಡಿಯಲ್ಲಿ ದುಡಿದ ಸಿದ್ದಯ್ಯ ಪಕ್ಕದ ಸೀಟಿನಲ್ಲಿ ಕೂತು, ಚನ್ನವೀರಣ್ಣನ ನಾಲಿಗೆ ತಕ್ಕಡಿಗಿಂತ ನೆಟ್ಟಗಿತ್ತು ಎಂದು ಅಜ್ಜಿಗೆ ಹೇಳುತ್ತಿದ್ದರು. ರೂಪ ಗಂಟಿನ ಒಂದು ಮೂಲೆ ಸಡಿಲಿಸಿ ಕೊನೆಯ ಪುಸ್ತಕ ಎಳೆದಳು.

ಅಪ್ಪ ಈ ಪುಸ್ತಕ ಮೊದಲು ಕಂಡದ್ದು ಎರಡು ವರ್ಷದ ಹಿಂದೆ. ಸಂಜೆ ಏಳಕ್ಕೆ ಬ್ಯಾಂಕಿನಿಂದ ಬಂದಾಗ ತಾತ ದೇವರಮನೆಯ ಬಾಗಿಲಲ್ಲಿ, ಬಲ್ಬಿನ ಬೆಳಕು ಚೆನ್ನಾಗಿದೆಯೆಂದು, ಕೂತು ಬರೆಯುತ್ತಿದ್ದರು. ಅಪ್ಪನ ಕಣ್ಣಿಗೆ ಬಿದ್ದದ್ದು ಮೊದಲ ಸಾಲು. ಜಪದ ಪುಸ್ತಕ ಬೇರೆಯವರು ಮುಟ್ಟಬಾರದೆಂದು ಅವರು ಕೆಳಗೆ ನೋಡಲೇ ಇಲ್ಲ. ಎಷ್ಟು ವರ್ಷದಿಂದ ಎಂದಷ್ಟೇ ತಾತನನ್ನು ಕೇಳಿ, ಮರುದಿನವೇ ಹೊಸ ನೋಟ್‌ಬುಕ್ಕು, ಕಾವಿ ಬಟ್ಟೆ ತಂದರು. ಆಗಷ್ಟೇ ಕುಣಿಗಲ್ಲಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದ ರೂಪಳಿಗೆ ತಾತ ಫೋನಿನಲ್ಲಿ ಪಿಸುಗುಟ್ಟಿದ್ದರು: “ನಿಮ್ಮಪ್ಪ ನನ್ನ ಶರಣನ್ನ ಮಾಡವ್ನೆ. ನೀನು ಬಾಯಿ ಬಿಡ್ಬೇಡ, ಅವ್ನಿಗೆ ಬೇಜಾರಾಗ್ತದೆ.”

ಮೊದಮೊದಲು ದಿನಾ ಆರು ಗಂಟೆಗೆ ಫೋನು ಬರುತ್ತಿತ್ತು. ಅವಳೂ ಕಂತು ನೋಡಿರುತ್ತಿದ್ದಳು. ಆಮೇಲೆ ನೋಡದೆಯೇ ಒಂದು ಅಂಕಿ ಹೇಳತೊಡಗಿದಳು. ತಾತ ‘ಯಾಕೆ’ ಎಂದರೆ, ಕೆಲಸ ಇದೆ ತಾತ ಎನ್ನುತ್ತಿದ್ದಳು. ಒಂದು ದಿನದಿಂದ ಫೋನು ನಿಂತಿತು. ಅವರು ಬರೆಯುವುದನ್ನು ಬಿಟ್ಟಿರಬೇಕು ಅಂದುಕೊಂಡಳು.

ಬಿಟ್ಟಿರಲಿಲ್ಲ. ಪುಟದ ಮೇಲೆ ಪುಟ, ಎಡಗಡೆ ತಾತನ ಆಣೆಗಳಿದ್ದವು. ಬಲಗಡೆ ‘ರೂಪ’ ಎಂದು ಬರೆದು, ಕೆಳಗೆ ‘ಯಾಕೆ’ ಎಂದು ಬರೆದು, ಖಾಲಿ ಬಿಟ್ಟಿದ್ದರು. ನಿನ್ನೆಯ ಕಂತಿಗೂ ಹಾಗೆಯೇ. ಅವಳು ಪುಸ್ತಕ ಮುಚ್ಚಿ ಒಳಗಿಟ್ಟಳು. ಗಂಟು ಬಿಗಿಯದೆ ಹಾಗೇ ತೊಡೆಯ ಮೇಲೆ ಇಟ್ಟುಕೊಂಡಳು.

*

ಗುಂಡಿಯಲ್ಲಿ ತಾತನನ್ನು ಕೂರಿಸಿದರು. ವಿಭೂತಿಗಟ್ಟಿಗಳೂ ಬಿಲ್ವಪತ್ರೆಯೂ ಮೊರದಲ್ಲಿ ಸಿದ್ಧವಾಗಿದ್ದವು. ಅಯ್ಯನವರು ರೂಪಳತ್ತ ಕೈ ಚಾಚಿದರು.

ಅವಳು ಕೊಡಲಿಲ್ಲ.

“ರೂಪ, ಕೊಡವ್ವ,” ಎಂದರು ಪ್ರಭುದೇವ. ಅವಳು ತಲೆ ಅಲ್ಲಾಡಿಸಿದಳು. ಬ್ಯಾಂಕಿನವರು, ಬೀದಿಯವರು, ನೆಂಟರು ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಸಲಿಕೆ ಹಿಡಿದವರು ಸಲಿಕೆ ಊರಿ ನಿಂತರು.

“ಯಾಕೆ?” ಎಂದರು ಅಯ್ಯನವರು. ಗದರಿಕೆಯಿರಲಿಲ್ಲ. ಕೇಳಿ, ಕೈಕಟ್ಟಿ, ಕಾದರು.

ರೂಪಳಿಗೆ ಕಾಲು ಗಂಟೆ ಬೇಕಾಗಲಿಲ್ಲ.

“ಇದ್ರಲ್ಲಿ ಜಪ ಇಲ್ಲ ಅಯ್ಯನೋರೆ. ಟೀವೀಲಿ ಮಕ್ಕಳ ಕಾರ್ಟೂನ್ ಬರುತ್ತಲ್ಲ, ಬಾತುಕೋಳೀದು, ಅದರ ಒಂದೊಂದು ಕಂತಿಗೂ ತಾತ ಮಾರ್ಕ್ಸ್ ಹಾಕಿದಾರೆ. ನಂದೂ ಒಂದು ಕಾಲಂ ಇದೆ. ನಾನು ತುಂಬಿಲ್ಲ.”

ಪ್ರಭುದೇವ ಒಂದು ಹೆಜ್ಜೆ ಮುಂದೆ ಬಂದರು. “ಏನ್ ಮಾತಾಡ್ತಿದೀಯ? ನಾನೇ ಕಣ್ಣಾರೆ ನೋಡಿದೀನಿ, ಓಂ ನಮಃ ಶಿವಾಯ ಅಂತ ಇದೆ.”

“ಅದು ಮೇಲ್ಗಡೆ ಸಾಲು ಅಪ್ಪ. ಅಂಗಡಿ ಪುಸ್ತಕದಲ್ಲಿ ಬರೀತಿದ್ರಲ್ಲ, ಹಂಗೆ.”

“ನಾವೆಲ್ಲ ಹಂಗೇ ಬರೆಯೋದು ಪ್ರಭು,” ಎಂದರು ಸಿದ್ದಯ್ಯ ಮೆಲ್ಲಗೆ. “ಮೂಟೆ ಚೀಟಿ ಮೇಲೂ.”

ಅಯ್ಯನವರು ಒಂದು ಪುಸ್ತಕ ತೆಗೆದು ಓದಿದರು. ಪುಟ ತಿರುವಿ ಮತ್ತೊಂದು ಓದಿದರು. ತುಟಿಯ ಅಂಚು ಅಲುಗಿದ್ದನ್ನು ಶಲ್ಯದಿಂದ ಒರೆಸಿಕೊಂಡರು.

ಬದುವಿನ ಕಲ್ಲಿನ ಮೇಲೆ ಕೂತಿದ್ದ ಕಲ್ಲಮ್ಮ ಬಾಯಿ ತೆರೆದರು. “ಶಿವನಾಮ ಬರೆಯೋರು ಹಂಗೆ ಕಿಸಕಿಸ ನಗ್ತಾರ? ನಂಗೆ ಆವತ್ತೇ ಗೊತ್ತಿತ್ತು ಬುಡು.”

“ನೀನಾದ್ರೂ ಹೇಳ್ಬಾರ್ದಿತ್ತಾ ಅವ್ವ?”

“ನೀನು ಬೀದಿಗೆಲ್ಲ ಹೇಳ್ಕಂಡು ಬಂದ್ಮೇಲೆ ಏನಪ್ಪ ಹೇಳೋದು.”

ಹಿಂದೆ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಪ್ರಭುದೇವ ಯಾರನ್ನೂ ನೋಡಲಿಲ್ಲ. ಅಯ್ಯನವರು ಪುಸ್ತಕಗಳನ್ನು ಒಂದೊಂದಾಗಿ ರೂಪಳ ಕೈಗೆ ವಾಪಸು ಪೇರಿಸಿದರು. ಕಾವಿ ಬಟ್ಟೆಯನ್ನು ಮಾತ್ರ ಕೊಡವಿ, ಮಡಿಸಿ, ತಾತನ ಬಲಗಡೆ ಇಟ್ಟರು. “ವಿಭೂತಿ ತನ್ನಿ,” ಎಂದರು.

*

ವಾಪಸು ಬರುವಾಗ ಪ್ರಭುದೇವ ಡ್ರೈವರ್ ಪಕ್ಕ ಕೂತರು. ಬಟ್ಟೆಯಿಲ್ಲದ ನೋಟ್‌ಬುಕ್ಕುಗಳು ರೂಪಳ ತೊಡೆಯ ಮೇಲೆ ಜಾರಾಡುತ್ತಿದ್ದವು. ಗುಬ್ಬಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗಾಡಿ ನಿಂತಾಗ ಪ್ರಭುದೇವ ತಿರುಗದೆಯೇ ಕೇಳಿದರು.

“ಹದಿನಾರಾಣೆ ಯಾವ್ದಕ್ಕಾದ್ರೂ ಕೊಟ್ಟವ್ರ?”

“ಇಲ್ಲ ಅಪ್ಪ. ಒಂದಾಣೆ ಬೀಜಕ್ಕೆ.”

ರೈಲು ಇನ್ನೂ ಬಂದಿರಲಿಲ್ಲ. ಅವರು ಮತ್ತೆ ಕೇಳಿದರು. “ನಿನ್ನೇದು ಏನು?”

ರೂಪ ಕೊನೆಯ ಪುಟ ತೆಗೆದು ಓದಿದಳು. “ಬುಡ್ಡಣ್ಣನಿಗೆ ಸನ್ಮಾನ. ಮಳೆಗೆ ಹೆದರಿ ಛತ್ರಿಯೊಳಗೆ ಅಡಗಿದ್ದವನನ್ನು, ಊರು ಕಾಪಾಡಿದ ಎಂದು ತಪ್ಪು ತಿಳಿದು, ಮೆರವಣಿಗೆ ಮಾಡುತ್ತಾರೆ. ಹಾರ ಹಾಕಿಸಿಕೊಂಡು ಸುಮ್ಮನೆ ಕೂತ ಮುಖ ಬಲು ಚೆನ್ನಾಗಿದೆ. ಆ ಕಷ್ಟ ನನಗೆ ಗೊತ್ತು. ತಾತ: ಹದಿನೈದಾಣೆ.”

“ರೂಪ?”

“ಖಾಲಿ.”

ಪ್ರಭುದೇವ ಜೇಬಿನ ಪೆನ್ನು ತೆಗೆದು ಭುಜದ ಮೇಲಿಂದ ಹಿಂದಕ್ಕೆ ಚಾಚಿದರು. ರೂಪ ತೆಗೆದುಕೊಂಡಳು. ಬರೆಯಲು ಹೋಗಿ ನಿಲ್ಲಿಸಿದಳು.

“ನಾನಿನ್ನೂ ನೋಡಿಲ್ಲ ಅಪ್ಪ.”

“ಫೋನಲ್ಲಿ ಬರಲ್ವಾ?”

ಬರುತ್ತಿತ್ತು. ಅವಳು ಸೌಂಡು ಸಣ್ಣಗೆ ಇಟ್ಟು ಹಚ್ಚಿದಳು. ಅಜ್ಜಿ ಭುಜಕ್ಕೆ ಭುಜ ತಾಗಿಸಿ ಬಗ್ಗಿದರು. ಸಿದ್ದಯ್ಯ ಕನ್ನಡಕ ಹುಡುಕಿಕೊಂಡರು. ಪ್ರಭುದೇವ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಒರಗಿನ ಮೇಲೆ ಗಲ್ಲವಿಟ್ಟು, “ಸೌಂಡು ಸ್ವಲ್ಪ ಜಾಸ್ತಿ ಮಾಡವ್ವ,” ಎಂದರು.

ಗೇಟು ತೆರೆಯಿತು. ಹಿಂದಿನ ಲಾರಿ ಹಾರ್ನ್ ಹೊಡೆಯತೊಡಗಿತು. ಡ್ರೈವರ್ ಗಾಡಿ ಎತ್ತಲಿಲ್ಲ, ಅವನೂ ತಿರುಗಿದ್ದ. ಅಂಗೈಯಗಲದ ಪರದೆಯಲ್ಲಿ ಬಾತುಕೋಳಿ ಕುರ್ಚಿಯ ಮೇಲೆ ನೆಟ್ಟಗೆ ಕೂತಿತ್ತು. ಮಾಲೆಯ ಮೇಲೆ ಮಾಲೆ ಬಿದ್ದು ಕೊಕ್ಕಿನ ತನಕ ಬಂದಿತ್ತು. ರೂಪ ಪೆನ್ನಿನ ಮುಚ್ಚಳ ತೆಗೆದು ಬಾಯಲ್ಲಿ ಕಚ್ಚಿ, ‘ಯಾಕೆ’ ಎಂಬುದರ ಮುಂದೆ ಪೆನ್ನಿನ ಮೊನೆ ಊರಿದ್ದಳು.