ಹೆಣದ ಮುಂದಿನ ಮಾತು

ದುರುಗಮ್ಮ ಗಂಡನನ್ನು ಕೊಂದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ವಕೀಲ ನಾನೇ. ಕಕ್ಷಿದಾರರನ್ನು ನಂಬುವ ಚಾಳಿ ಬಳ್ಳಾರಿ ಕೋರ್ಟಿನ ಮೆಟ್ಟಿಲು ಹತ್ತಿದ ಮೊದಲ ವರ್ಷವೇ ನನಗೆ ಬಿಟ್ಟುಹೋಗಿತ್ತು.

ನಲವತ್ತೆಂಟನೇ ಇಸವಿಯ ಮಾತು. ಸಿರುಗುಪ್ಪದ ಹತ್ತಿರ ದೇಶನೂರಿನಲ್ಲಿ ಅವಳ ಗಂಡ ಓಬಣ್ಣ ಕಾಲುವೆಯಲ್ಲಿ ಹೆಣವಾಗಿ ಸಿಕ್ಕ. ಹಣೆ ಒಡೆದಿತ್ತು. ಹಿಂದಿನ ಸಂಜೆ ಗಂಡ ಹೆಂಡತಿ ಕಿತ್ತಾಡಿದ್ದನ್ನು ಓಣಿಯೆಲ್ಲ ಕೇಳಿತ್ತು. ಹೆಣವನ್ನು ಅಂಗಳದಲ್ಲಿ ಮಲಗಿಸಿದಾಗ ದುರುಗಮ್ಮ ಎದೆ ಬಡಿದುಕೊಂಡು ಹಾಡಿ ಅತ್ತಳು: “ನಾನ ನಿನ್ನ ಕೊಂದ್ನೆಲ್ಲೋ ನನ್ನ ದೊರೀ! ನಾನ ನಿನ್ನ ನೀರಿಗೆ ನೂಕಿದ್ನೆಲ್ಲೋ!”

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಊರ ಆಡಳಿತ ನೋಡುವ ಮುನಸೀಫ ಎರ್ರಣ್ಣ ಆ ಮಾತು ಬರೆದು ಪೊಲೀಸರಿಗೆ ಕಳಿಸಿದ. ಕೊಲೆ ಕೇಸಾಯಿತು.

ಠಾಣೆಯಲ್ಲೂ ಅವಳು ಹೌದು ಅಂದಿದ್ದಳಂತೆ. ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ; ಏಟಿಗೆ ಹೆದರಿದವನು ಆನೆ ಕದ್ದೆ ಅಂತಲೂ ಒಪ್ಪಿಕೊಳ್ಳುತ್ತಾನೆ. ಹೆಣದ ಮುಂದಿನ ಮಾತು ಹಾಗಲ್ಲ. ಅಲ್ಲಿ ಯಾರೂ ಅವಳಿಗೆ ಹೊಡೆದಿರಲಿಲ್ಲ, ಆಸೆ ತೋರಿಸಿರಲಿಲ್ಲ. ಜಡ್ಜರು ಅದನ್ನು ನಂಬಿದರೆ ಅವಳಿಗೆ ನೇಣು.

ಜೈಲಿಗೆ ಹೋಗಿ ಕೇಳಿದೆ. “ಖರೇ ಹೇಳು. ನೂಕಿದ್ನಿ ಅಂದ್ಯಾ?”

“ಕಳಿಸಿದ್ನೆಲ್ಲೋ ಅಂದಿರಬೇಕ್ರಿ. ಗದ್ದಿಗೆ ನೀರು ಕಟ್ಟಾಕ ಒಲ್ಲೆ ಅಂದಾವನ್ನ ನಾನ ಬೈದು ನೀರಿಗೆ ಕಳಿಸಿದ್ದೆ.”

“ಅಂದಿರಬೇಕು ಅಂದ್ರ?”

“ಅಳೂವಾಗ ಏನಂದೆ ಅಂತ ಯಾರಿಗೆ ನೆನಪಿರ್ತೈತ್ರಿ?”

ಉತ್ತರ ಬಲು ಸಲೀಸಾಗಿ ಬಂತು. ನನಗೆ ಹಿಡಿಸಲಿಲ್ಲ. ಯಾರೋ ಹೇಳಿಕೊಟ್ಟಿದ್ದಾರೆ ಅನ್ನಿಸಿತು.

ಕೋರ್ಟಿನಲ್ಲಿ ಅವಳ ಅತ್ತೆ ಪಕ್ಕೀರಮ್ಮ ಸಾಕ್ಷಿಕಟ್ಟೆ ಹತ್ತಿದಳು. ಮಗನನ್ನು ಕಳೆದುಕೊಂಡ ಸಿಟ್ಟು ಮುಖದ ಮೇಲೇ ಇತ್ತು. “ನೂಕಿದ್ನಿ ಅಂದ್ಲು. ಈ ಕಿವಿಲೇ ಕೇಳೀನಿ” ಅಂದಳು.

ನಾನು ಎದ್ದು ನಿಂತೆ. “ನಿನ್ನ ಗಂಡ ಸತ್ತಾಗ ನೀ ಏನಂತ ಅತ್ತಿ, ಅವ್ವಾ?”

“ನಾನ ನಿನ್ನ ನುಂಗಿದ್ನೆಲ್ಲೋ ಅಂತ ಅತ್ತೆ.”

“ನುಂಗಿದ್ಯೇನು ಮತ್ತ?”

“ಏ, ಕಾಲರಾ ಬಂದು ಸತ್ತಾನ್ರಿ ಅವ! ಗಂಡ ಸತ್ತಾಕಿ ಎಲ್ಲಾರೂ ಹಂಗ ಅಳ್ತಾರ” ಅಂದವಳು, ಎದುರಿಗಿದ್ದ ಸೊಸೆಯನ್ನು ನೋಡಿ ತುಟಿ ಕಚ್ಚಿಕೊಂಡಳು. ಆಡಿದ ಮಾತು ಆಡಿಯಾಗಿತ್ತು.

ನೀರಿಗೆ ನೂಕಿದೆ ಎಂದರೆ ಬೈದು ಕಳಿಸಿದೆ ಎಂದೂ ಆದೀತು; ಹೀಗೆ ಎರಡರ್ಥ ಬರುವ ಮಾತನ್ನು, ಅದೂ ಹಾಡಿ ಅಳುವ ರೂಢಿಯ ಮಾತನ್ನು, ತಪ್ಪೊಪ್ಪಿಗೆ ಎನ್ನಲಾಗದು, ಬೇರೆ ಪುರಾವೆಯೂ ಇಲ್ಲ ಎಂದು ಜಡ್ಜರು ದುರುಗಮ್ಮನನ್ನು ಬಿಟ್ಟರು. ನನಗೆ ಗೆದ್ದ ಖುಷಿಯಿತ್ತು, ಅನುಮಾನ ಮಾತ್ರ ಹೋಗಿರಲಿಲ್ಲ. ಸರ್ಕಾರ ಅಪೀಲು ಹೋದೀತೆಂಬ ಭಯವೂ ಇತ್ತು. ಕೋರ್ಟಿನ ಹೊರಗೆ ಅವಳನ್ನು ನಿಲ್ಲಿಸಿ ಗದರಿಸಿಯೇ ಹೇಳಿದೆ. “ಇನ್ಮ್ಯಾಲ ಯಾರ ಮುಂದೂ ನನ್ನಿಂದಾತು, ನಾ ಮಾಡಿದೆ ಅಂತ ಬಾಯಿ ಬಿಡಬ್ಯಾಡ. ಅಳೂವಾಗೂ ಬಿಡಬ್ಯಾಡ.” ಅವಳು ತಲೆ ಆಡಿಸಿ ಹೋದಳು. ಅಪೀಲು ಬರಲಿಲ್ಲ, ನಾನೂ ಅವಳನ್ನು ಮರೆತೆ.

ಎರಡು ವರ್ಷದ ಮೇಲೆ ತಕರಾರಿನ ಹೊಲವೊಂದನ್ನು ನೋಡಲು ಕುರುಗೋಡಿಗೆ ಹೋಗಿದ್ದೆ. ಒಂದು ಮನೆಯ ಮುಂದೆ ಜನ ಸೇರಿದ್ದರು. ದುರುಗಮ್ಮನ ತಾಯಿ ಎಲ್ಲಮ್ಮ ತೀರಿಕೊಂಡಿದ್ದಳು. ಅದು ದುರುಗಮ್ಮನ ತವರುಮನೆ ಎಂದು ಆಗಲೇ ನನಗೆ ತಿಳಿದದ್ದು. ಬಾಗಿಲಲ್ಲಿ ಇಣುಕಿದೆ. ಒಳಗೆ ಹೆಂಗಸರೆಲ್ಲ ಸತ್ತವಳ ಗುಣ ಹಾಡಿ ಅಳುತ್ತಿದ್ದರು. ಮಗಳು ಮಾತ್ರ ತಾಯಿಯ ತಲೆಯ ಹತ್ತಿರ ಕೂತು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಅವಳ ದನಿ ಹೊರಡುತ್ತಿರಲಿಲ್ಲ.

ನನ್ನ ಪಕ್ಕದಲ್ಲೇ ಒಬ್ಬಳು ಇನ್ನೊಬ್ಬಳಿಗೆ ಪಿಸುಗುಟ್ಟಿದಳು. “ಹೆತ್ತಾಕಿ ಸತ್ರೂ ಒಂದು ಮಾತು ಆಡಿ ಅಳವಲ್ಲಳು, ನೋಡು. ಇಂಥಾಕಿ ಗಂಡನ್ನ ಕೊಲ್ಲದ ಬಿಟ್ಟಾಳೇನು?”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಜನರನ್ನು ಸರಿಸಿ ಒಳಗೆ ಹೋಗಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಅಳವ್ವಾ. ಕೇಸು ಮುಗದೈತಿ. ಬಾಯಿಬಿಟ್ಟು ಅಳು.”

ಅವಳು ಸೆರಗು ತೆಗೆದು ನನ್ನ ಮುಖ ನೋಡಿದಳು.

“ಏನಂತ ಅಳಲಿ, ಹೇಳಿಕೊಡ್ರಿ ವಕೀಲ್ರ” ಅಂದಳು.