ಅಳುವ ದನಿಗೆ ತೆತ್ತ ಬೆಳ್ಳಿ

ಕಡಲಿಗೆ ಎಲ್ಲೆಯನ್ನು ಬರೆದವನೂ, ಆ ಎಲ್ಲೆಯೊಳಗೆ ಅಂಗೈಯಗಲದ ದ್ವೀಪಗಳನ್ನು ಉಳಿಸಿದವನೂ, ನಿಜದ ಅಳುವನ್ನೂ ನಟನೆಯ ಅಳುವನ್ನೂ ಒಂದೇ ಕಿವಿಯಿಂದ ಕೇಳಿ ಎರಡನ್ನೂ ಬೇರೆಬೇರೆಯಾಗಿ ಅರಿಯಬಲ್ಲವನೂ ಆದ ಪರಮಾತ್ಮನಿಗೆ ಮೊದಲ ವಂದನೆ. ಮನುಷ್ಯರಿಗೆ ಅವನು ಕಿವಿಯನ್ನು ಕೊಟ್ಟನು. ಆ ಅರಿವನ್ನು ಮಾತ್ರ ತನ್ನಲ್ಲಿಯೇ ಇರಿಸಿಕೊಂಡನು. ಹೀಗೇಕೆಂದು ಅವನನ್ನು ಕೇಳುವ ಅಧಿಕಾರ ನಮಗಿಲ್ಲ. ಅದರಿಂದ ಒಂದು ಮನೆಯಲ್ಲಿ ಏನಾಯಿತೆಂದು ಹೇಳುವುದಷ್ಟೇ ಈ ಕಥೆಯ ಕೆಲಸ.

ಫ್ಯೋರ್ ದ್ವೀಪದ ಮಾರೆಟ್ ಅರ್ಫ್‌ಸ್ಟೆನ್ ಎಂಬ ವೃದ್ಧೆಯ ಬಳಿ ತಾಯಿಯ ಕಡೆಯಿಂದ ಇಳಿದುಬಂದ ಬೆಳ್ಳಿಯಿತ್ತು. ಕೂದಲೆಳೆಯಂತಹ ತಂತಿಯನ್ನು ಸುರುಳಿ ಸುತ್ತಿ ಮಾಡಿದ ದೊಡ್ಡ ಗುಂಡಿಗಳು. ಅವುಗಳ ನಡುವೆ ಎದೆಯ ಮೇಲೆ ಬಾಗಿ ಬೀಳುವ ಸರಪಳಿ. ಸರಪಳಿಯಲ್ಲಿ ಶಿಲುಬೆ, ಹೃದಯ, ಲಂಗರು. ನಂಬಿಕೆ, ಪ್ರೀತಿ, ಭರವಸೆ ಎಂದು ಅವುಗಳ ಅರ್ಥವನ್ನು ಅಲ್ಲಿನ ಮಕ್ಕಳು ಅಕ್ಷರಕ್ಕಿಂತ ಮೊದಲೇ ಕಲಿಯುತ್ತಾರೆ. ಇಂತಹ ಬೆಳ್ಳಿಯನ್ನು ಮಾರುವುದಿಲ್ಲ, ಹಂಚುವುದಿಲ್ಲ. ತಾಯಿಯಿಂದ ಹಿರಿಯ ಮಗಳಿಗೆ, ಅವಳಿಂದ ಅವಳ ಮಗಳಿಗೆ ಅದು ಸಾಗುತ್ತದೆ. ದೃಢೀಕರಣದ ಭಾನುವಾರ, ಹದಿಹರೆಯದ ಮಕ್ಕಳು ತಮ್ಮ ನಂಬಿಕೆಯನ್ನು ತಮ್ಮ ಬಾಯಿಂದಲೇ ಚರ್ಚಿನಲ್ಲಿ ಹೇಳುವ ದಿನ, ಹುಡುಗಿಯರು ಕಪ್ಪು ಲಂಗ, ಬಿಳಿ ಏಪ್ರನ್ ಉಟ್ಟು ಅದನ್ನು ಮೊದಲ ಬಾರಿಗೆ ಧರಿಸುತ್ತಾರೆ. ಸರಪಳಿಯ ಕೊಂಡಿಯನ್ನು ಹಾಕುವ ಹಕ್ಕು ಅಜ್ಜಿಯದು. ಬೆಂಚುಗಳಲ್ಲಿ ಕುಳಿತವರು ಮುಖವನ್ನು ನೋಡುವ ಮೊದಲು ಬೆಳ್ಳಿಯನ್ನು ನೋಡಿ, ಇದು ಯಾವ ಮನೆಯ ಹುಡುಗಿ ಎಂದು ಹೇಳಬಲ್ಲರು.

ಆ ವಸಂತದಲ್ಲಿ ಮೊಮ್ಮಗಳು ಲೆವ್ಕೆಯ ಸರದಿ ಬಂದಿತ್ತು. ಮಾರೆಟ್ ಬೆಳ್ಳಿಯನ್ನು ಪೆಟ್ಟಿಗೆಯಿಂದ ತೆಗೆದು, ಸೀಮೆಸುಣ್ಣದ ಪುಡಿಯಿಂದ ಉಜ್ಜಿ, ನಾರುಬಟ್ಟೆಯ ದಿಂಬುಚೀಲದಲ್ಲಿ ಇಟ್ಟಿದ್ದಳು. ಲೆವ್ಕೆಯ ತಾಯಿ ಕೆರಿನ್ ಮಾರೆಟಳ ಹಿರಿಯ ಮಗಳು, ಪಕ್ಕದ ಊರಿನಲ್ಲಿದ್ದಳು. ಮಗ ರೋಲುಫ್ ಅದೇ ಮನೆಯ ಇನ್ನೊಂದು ಅರ್ಧದಲ್ಲಿದ್ದು, ಬಂದರಿನ ಬಳಿ ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುತ್ತಿದ್ದನು.

ಅಂದು ಬೆಳಗಿನ ಹಡಗಿನಲ್ಲಿ ಕೆರಿನ್ ತನ್ನ ಕಾರಿನೊಡನೆ ಆಚೆ ದಡಕ್ಕೆ ಹೋಗಿದ್ದಳು. ಮಗಳಿಗೆ ಕಪ್ಪು ಷೂ ಕೊಳ್ಳಬೇಕಿತ್ತು. ಮಾರೆಟ್ ಚಹಾದ ಬಟ್ಟಲಿಗೆ ಕಲ್ಲುಸಕ್ಕರೆ ಹಾಕುತ್ತಿದ್ದಾಗ ಫೋನು ರಿಂಗಣಿಸಿತು. ಎತ್ತಿದರೆ ಮಾತಿರಲಿಲ್ಲ, ಹೆಣ್ಣೊಬ್ಬಳ ಅಳು ಮಾತ್ರ ಇತ್ತು. ಬಿಕ್ಕಳಿಕೆಗಳ ನಡುವೆ ಒಂದೇ ಪದ ಬಂದಿತು: “ಅಮ್ಮಾ.”

“ಕೆರಿನ್? ನೀನೇನಾ?”

“ಅಮ್ಮಾ, ಒಂದು ಮಗು... ನಾನು ನೋಡ್ಲೇ ಇಲ್ಲಮ್ಮ... ನನ್ನ ಕಾಪಾಡು...”

ಆಮೇಲೆ ಒಬ್ಬ ಗಂಡಸಿನ ದನಿ ಬಂದಿತು. ಅದು ಗಟ್ಟಿಯಾಗಿರಲಿಲ್ಲ, ಒರಟಾಗಿರಲಿಲ್ಲ. ಪಾದ್ರಿಯ ದನಿಯಂತೆ ತಗ್ಗಿತ್ತು. ತಾನು ಪೊಲೀಸ್ ಅಧಿಕಾರಿಯೆಂದೂ, ಅವಳ ಮಗಳು ಜನ ರಸ್ತೆ ದಾಟುವ ಜಾಗದಲ್ಲಿ ಮಗುವೊಂದಕ್ಕೆ ಗುದ್ದಿ ನಿಲ್ಲಿಸದೆ ಹೋದಳೆಂದೂ, ಮಗು ತೀರಿಕೊಂಡಿದೆಯೆಂದೂ ಅದು ಹೇಳಿತು. ಸಂಜೆಯೊಳಗೆ ಜಾಮೀನು ಕಟ್ಟದಿದ್ದರೆ ವಿಚಾರಣೆ ಮುಗಿಯುವವರೆಗೂ ಅವಳು ಸೆರೆಯಲ್ಲಿರಬೇಕು. ಮಾರೆಟ್ ತನ್ನ ಬಳಿ ಅಷ್ಟು ಹಣವಿಲ್ಲವೆಂದಳು. ಬೆಲೆಬಾಳುವ ವಸ್ತುವೂ ಆಗುತ್ತದೆ, ಪ್ರಕರಣ ಮುಗಿದ ಮೇಲೆ ಹಿಂದಿರುಗಿಸುತ್ತೇವೆ ಎಂದಿತು ದನಿ. ಯಾರಿಗೂ ಹೇಳಬಾರದು, ಫೋನನ್ನು ಕೆಳಗಿಡಬಾರದು.

ದನಿ ಹೇಳದೆಯೇ ಇದ್ದರೂ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಪಟ್ಟಣದವರಿಗೆ ಪೊಲೀಸನೆಂದರೆ ಸಮವಸ್ತ್ರ; ದ್ವೀಪದವರಿಗೆ ಪೊಲೀಸನೆಂದರೆ ಫ್ರೆರ್ಕ್. ಫ್ರೆರ್ಕ್ ಎರಡು ಓಣಿಗಳಾಚೆ ಇದ್ದನು. ಕೆರಿನ್‌ಳ ತರಗತಿಯಲ್ಲಿ ಓದಿದವನು, ಚರ್ಚಿನ ಗಾಯನ ತಂಡದಲ್ಲಿ ಅವಳ ಹಿಂದಿನ ಸಾಲಿನಲ್ಲಿ ನಿಂತು ಹಾಡುವವನು. ಗುರುತಿಲ್ಲದ ಪೊಲೀಸನನ್ನಾಗಿದ್ದರೆ ಇದು ನಿಜವೇ ಎಂದು ಮಾರೆಟ್ ಕೇಳುತ್ತಿದ್ದಳೋ ಏನೋ. ಫ್ರೆರ್ಕ್‌ನನ್ನು ಕೇಳುವುದೆಂದರೆ ಮಗಳು ಕೊಲೆಗಾತಿಯೆಂದು ಊರಿನ ಮುಂದೆ ತಾನೇ ಸಾರಿದಂತೆ. ಕಿಟಕಿಯಿಂದ ಅವನ ಮನೆಯ ಹುಲ್ಲಿನ ಮಾಡು ಕಾಣುತ್ತಿತ್ತು. ಅವಳು ಪರದೆಯನ್ನು ಎಳೆದಳು.

ಮಧ್ಯಾಹ್ನದ ಹಡಗು ಬಂದ ಸ್ವಲ್ಪ ಹೊತ್ತಿಗೆ ‘ನ್ಯಾಯಾಲಯದ ದೂತ’ ಸೈಕಲ್ಲಿನಲ್ಲಿ ಬಂದನು. ಎದುರುಗಾಳಿಗೆ ಅವನ ಕಣ್ಣಲ್ಲಿ ನೀರಿಳಿಯುತ್ತಿತ್ತು. ಪಾಪ, ಎಳೆಯ ವಯಸ್ಸು ಎಂದುಕೊಂಡಳು ಮಾರೆಟ್. ದಿಂಬುಚೀಲವನ್ನು ಅವನ ಕೈಗಿತ್ತಳು. ಹಾಗೆಯೇ ಒಳಗೆ ಹೋಗಿ, ತಾನು ಹೆಣೆದ ಬೂದುಬಣ್ಣದ ಉಣ್ಣೆಯ ಕಾಲುಚೀಲಗಳನ್ನು ಕಾಗದದಲ್ಲಿ ಸುತ್ತಿ ತಂದಳು. ಸೆರೆಮನೆಯ ನೆಲ ತಣ್ಣಗಿರುತ್ತದೆ, ಮಗಳಿಗೆ ತಲುಪಿಸಿ ಎಂದು ಬೇಡಿಕೊಂಡಳು. ಅವನು ಆ ಪೊಟ್ಟಣವನ್ನು ಕ್ಷಣಕಾಲ ನೋಡಿ, ತಲೆಯಾಡಿಸಿ, ಸೈಕಲ್ಲಿನ ಬುಟ್ಟಿಗೆ ಹಾಕಿಕೊಂಡು ಹೋದನು.

ಸಂಜೆ ಕೆರಿನ್ ಷೂ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಗೆ ಕಾಲಿಟ್ಟಾಗ ತಾಯಿ ಓಡಿಬಂದು ಅವಳನ್ನು ಬಾಚಿ ತಬ್ಬಿಕೊಂಡಳು. ಆ ಮನೆಯಲ್ಲಿ ತಬ್ಬಿಕೊಳ್ಳುವ ಪದ್ಧತಿ ಇರಲಿಲ್ಲ. ಕೆರಿನ್ ಡಬ್ಬವನ್ನು ಎತ್ತಿ ಹಿಡಿದು ಕಂಬದಂತೆ ನಿಂತಳು.

“ಬಿಟ್ಬಿಟ್ರಾ?” ಎಂದಳು ಮಾರೆಟ್.

“ಯಾರು ಬಿಡ್ಬೇಕಿತ್ತು? ಏನಾಗಿದೆಯಮ್ಮ ನಿನಗೆ?”

ಅಷ್ಟರಲ್ಲಿ ರೋಲುಫ್ ಹಿಂಬಾಗಿಲಿನಿಂದ ಬಂದು ಕಾಗದದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟನು. ಯಾವನೋ ಪ್ರವಾಸಿ ಬುಟ್ಟಿಯಲ್ಲಿ ಮರೆತು ಹೋಗಿದ್ದಾನೆ, ಹೆಣಿಗೆ ನೋಡಿದರೆ ಅಮ್ಮನ ಕೈಯದು, ಈಗ ಪ್ರವಾಸಿಗರಿಗೂ ಕಾಲುಚೀಲ ಮಾರುತ್ತಿದ್ದೀಯಾ ಎಂದು ನಗುತ್ತ ಕೇಳಿದನು. ಮಾರೆಟ್ ಪೊಟ್ಟಣವನ್ನು ನೋಡಿದಳು, ಮಗಳನ್ನು ನೋಡಿದಳು, ಕುರ್ಚಿಯನ್ನು ಹುಡುಕಿ ಕುಳಿತಳು.

ಫ್ರೆರ್ಕ್ ಬಂದು ಎಲ್ಲವನ್ನೂ ಬರೆದುಕೊಂಡನು. ಇಂತಹವರು ಫೋನ್ ಪುಸ್ತಕದಲ್ಲಿ ಹಳೆಯ ಕಾಲದ ಹೆಸರುಗಳನ್ನು ಹುಡುಕುತ್ತಾರೆಂದೂ, ಮಾರೆಟ್ ಎಂಬ ಹೆಸರೇ ಅವಳ ವಯಸ್ಸನ್ನು ಅವರಿಗೆ ಹೇಳಿತೆಂದೂ, ಕದ್ದ ಬೆಳ್ಳಿಯನ್ನು ಬೇಗನೆ ಕರಗಿಸಿಬಿಡುತ್ತಾರೆಂದೂ ಮೆಲ್ಲನೆ ತಿಳಿಸಿದನು. ಬಳಿಕ ಕೇಳಿದನು: “ಕೆರಿನ್ ಅನ್ನೋ ಹೆಸರು ಮೊದಲು ಹೇಳಿದ್ದು ಅವಳಾ, ನೀವಾ?”

“ನಾನೇ” ಎಂದಳು ಮಾರೆಟ್.

“ಕೂಗಿದ್ರೆ ಕೇಳಿಸೋಷ್ಟು ಹತ್ತಿರ ಇದ್ದೆನಲ್ಲ, ಮಾರೆಟಮ್ಮ.”

“ಕೂಗಿದ್ರೆ ನಿನಗೊಬ್ಬನಿಗೇ ಕೇಳಿಸ್ತಿತ್ತಾ, ಫ್ರೆರ್ಕ್?”

ಅವನು ಪೆನ್ನಿನ ಮುಚ್ಚಳ ಹಾಕಿ ಎದ್ದನು. ಅವನ ಹಿಂದೆ ಬಾಗಿಲು ಮುಚ್ಚಿದ ಮೇಲೆ ಮನೆಯವರ ವಿಚಾರಣೆ ಮೊದಲಾಯಿತು. ಅದಕ್ಕೆ ಜಾಮೀನು ಇರಲಿಲ್ಲ.

ಮೊದಲು ರೋಲುಫ್ ಮಾತಾಡಿದನು. ಫೋನನ್ನು ಕಿತ್ತುಹಾಕಬೇಕು, ಬ್ಯಾಂಕಿನ ಕಾರ್ಡು ತನ್ನ ಬಳಿ ಇರಬೇಕು, ಬಾಗಿಲು ಬಡಿದವರಿಗೆಲ್ಲ ಅಮ್ಮ ತೆರೆಯಕೂಡದು. ಹೀಗೆ ಒಂದೊಂದೇ ಕಟ್ಟಳೆಯನ್ನು ಹೇಳುತ್ತ ಅವನು ಒಲೆಯಿಂದ ಕಿಟಕಿಗೂ ಕಿಟಕಿಯಿಂದ ಒಲೆಗೂ ನಡೆದನು. ಆ ಕಳ್ಳನಿಗೆ ಸೈಕಲ್ ಕೊಟ್ಟವರು ಯಾರೆಂದು ಕೆರಿನ್ ಕೇಳಿದಾಗ ಅವನ ನಡಿಗೆ ನಿಂತಿತು.

“ಅವನ ಹಣೇಲಿ ಬರ್ದಿರತ್ತಾ ಅಕ್ಕ, ಕಳ್ಳ ಅಂತ?”

“ದಾರೀನೂ ನೀನೇ ಹೇಳಿದ್ಯಾ?”

“ಕೇಳ್ದ, ಹೇಳ್ದೆ. ಗಾಳಿ ಎದುರಿಗಿದೆ, ಗೇರ್ ಇರೋ ಸೈಕಲ್ ತಗೊಳ್ಳಿ ಅಂದೆ.” ತನ್ನ ಮಾತು ತನಗೇ ಕೇಳಿಸಿ ಅವನ ಮುಖ ಕೆಂಪಾಯಿತು. ಕೂಡಲೇ ತಾಯಿಯತ್ತ ತಿರುಗಿದನು. “ಗುದ್ದಿದ್ದು ನಾನು ಅಂದಿದ್ರೆ ಏನು ಕೊಡ್ತಿದ್ಯಮ್ಮ? ಬರೀ ಕಾಲುಚೀಲಾನಾ?”

ಉತ್ತರಿಸಬೇಕಾದ ಪ್ರಶ್ನೆ ಅದಲ್ಲವೆಂದು, ನಿಜವಾದ ಪ್ರಶ್ನೆ ಇನ್ನೂ ಬರಲಿಕ್ಕಿದೆಯೆಂದು ಮಾರೆಟಳಿಗೆ ಗೊತ್ತಿತ್ತು. ಕೆರಿನ್ ಷೂ ಡಬ್ಬದ ಮುಚ್ಚಳವನ್ನು ತೆರೆಯುತ್ತ, ಮುಚ್ಚುತ್ತ ಕುಳಿತಿದ್ದಳು.

“ಬೆಳ್ಳಿ ಹೋಯ್ತು, ಹೋಗ್ಲಿ,” ಎಂದಳು ಕೊನೆಗೆ. “ಮಗೂಗೆ ಗುದ್ದಿ ಓಡಿಹೋದೆ ಅಂದ್ರಲ್ಲ. ನೀನು ನಂಬ್ದೆ.”

“ನೀನು ಅಳ್ತಿದ್ದೆ ಕಣೇ.”

“ನಾನು ಅಳೋದು ಹೇಗಿರತ್ತೆ ಅಂತ ನಿನಗೆ ಗೊತ್ತಾ?”

ಮೂವರಿಗೂ ಒಂದೇ ನೆನಪು ಬಂದಿತ್ತು. ಹಲವು ವರ್ಷಗಳ ಹಿಂದೆ, ಕುಣಿತದ ಸಂಜೆಯೊಂದರ ಬಳಿಕ, ಕೆರಿನ್ ಕುಡಿದು ತಂದೆಯ ಕಾರನ್ನು ಓಡಿಸಿ ಕಡಲ ಒಡ್ಡಿನ ಪಕ್ಕದ ಕಾಲುವೆಗೆ ಇಳಿಸಿದ್ದಳು. ಜೊತೆಯಲ್ಲಿದ್ದ ರೋಲುಫ್‌ನ ಹೆಗಲೆಲುಬು ಮುರಿದಿತ್ತು. ಇದೇ ಅಡುಗೆಮನೆಯಲ್ಲಿ ನಿಂತು ಅವಳು ಅತ್ತಾಗ ತಂದೆ, ಅತ್ತರೆ ಕಾರು ಮೇಲೆ ಬರುವುದಿಲ್ಲ ಎಂದಿದ್ದನು. ತಾಯಿ ಒಲೆಯ ಕಡೆಗೆ ಮುಖ ಮಾಡಿಕೊಂಡು ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದಳು. ಅಂದಿನಿಂದ ಕೆರಿನ್ ಕುಡಿಯಲಿಲ್ಲ. ಆ ಮನೆಯಲ್ಲಿ ಅಳಲೂ ಇಲ್ಲ. ತಂದೆಯ ಹೆಣಪೆಟ್ಟಿಗೆಯ ಮುಂದೆಯೂ ಅವಳ ಕಣ್ಣು ಒಣಗಿಯೇ ಇತ್ತು. ಎಲ್ಲವೂ ಮರೆತುಹೋಗಿದೆಯೆಂದು ಅವಳು ನಂಬಿದ್ದಳು. ಯಾರೋ ಅಪರಿಚಿತರು ಫೋನ್ ಮಾಡಿ, ಮರೆತಿಲ್ಲವೆಂದು ತೋರಿಸಿಕೊಟ್ಟರು.

“ಇಷ್ಟು ವರ್ಷ ಕಾಯ್ತಾ ಇದ್ಯಾ, ಇವತ್ತಲ್ಲ ನಾಳೆ ಮಾಡೇ ಮಾಡ್ತಾಳೆ ಅಂತ?” ಎಂದು ಕೆರಿನ್ ಡಬ್ಬವನ್ನೆತ್ತಿಕೊಂಡು ಹೊರಟುಹೋದಳು.

ದೃಢೀಕರಣದ ಭಾನುವಾರ, ಉಡುಗೆ ಉಡಿಸುವುದರಲ್ಲಿ ಊರಿಗೇ ಹೆಸರಾದ ಎಲ್ಕೆ ಬೆಳಗ್ಗೆಯೇ ಬಂದು ಲೆವ್ಕೆಯ ಮೈಮೇಲೆ ಗುಂಡುಸೂಜಿಗಳನ್ನು ಚುಚ್ಚುತ್ತ, ಬಾಯಲ್ಲೂ ಸೂಜಿಗಳನ್ನು ಹಿಡಿದಿದ್ದರಿಂದ ಏನನ್ನೂ ಕೇಳದೆ ತನ್ನ ಕೆಲಸ ಮಾಡಿದಳು. ಬೆಳ್ಳಿ ಕೆರಿನ್‌ಳ ಗಂಡನ ಸೋದರತ್ತೆಯ ಮನೆಯಿಂದ ಎರವಲಾಗಿ ಬಂದಿತ್ತು. ಕೊಂಡಿ ಹಾಕುವ ಹೊತ್ತು ಬಂದಾಗ ಮಾರೆಟ್ ಕೈಗಳನ್ನು ಒರೆಸಿಕೊಂಡು ಮುಂದೆ ಬಂದಳು. ಲೆವ್ಕೆಯೂ ಅಜ್ಜಿಯ ಕಡೆಗೆ ತಿರುಗಿ ಕುತ್ತಿಗೆ ಬಾಗಿಸಿದಳು.

“ಎರವಲು ತಂದಿದ್ದು ನಾನು, ಹಾಕೋದೂ ನಾನೇ,” ಎಂದಳು ಕೆರಿನ್. ಕೊಂಡಿಯನ್ನು ಅವಳೇ ಹಾಕಿದಳು. ಎಲ್ಕೆ ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುತ್ತ ಕಿಟಕಿಯಾಚೆ ನೋಡಿದಳು.

ಚರ್ಚಿನಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಕೇಳದಿರುವುದು ಆ ದ್ವೀಪದ ಸೌಜನ್ಯ. ಹುಡುಗಿಯರು ಸಾಲಾಗಿ ಬಂದಾಗ ಬೆಂಚುಗಳ ಕಣ್ಣುಗಳೆಲ್ಲ ಲೆವ್ಕೆಯ ಎದೆಯ ಮೇಲೆ ಇಳಿದವು. ಗುಂಡಿಗಳ ಸುರುಳಿಯನ್ನು ಓದಿದವು. ಅಲ್ಲಿಂದ ಮಾರೆಟಳ ಬೋಳು ಕುತ್ತಿಗೆಗೆ ಬಂದು, ಮತ್ತೆ ಪ್ರಾರ್ಥನೆಯ ಪುಸ್ತಕಕ್ಕೆ ಮರಳಿದವು. ಅವಳು ಹೆದರಿದ್ದ ಸುದ್ದಿ ಊರಿಗೆ ಕೊನೆಗೂ ಮುಟ್ಟಿತ್ತು. ಅದು ಮಗಳ ಪಾಪದ ಸುದ್ದಿಯಾಗಿರದೆ ತಾಯಿಯ ನಂಬಿಕೆಯ ಸುದ್ದಿಯಾಗಿತ್ತು, ಅಷ್ಟೇ.

ಬೇಸಗೆ ಏರುವಷ್ಟರಲ್ಲಿ ರೋಲುಫ್ ತನ್ನ ಮಾತಿನಂತೆ ನಡೆದುಕೊಂಡನು. ಹಳೆಯ ಫೋನು ಹೋಗಿ ಎರಡೇ ಗುಂಡಿಗಳ ಹೊಸ ಫೋನು ಬಂದಿತು. ಒಂದು ಅವನಿಗೆ, ಇನ್ನೊಂದು ಕೆರಿನ್‌ಗೆ. ಹೊಸ ನಂಬರು ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಫೋನು ರಿಂಗಣಿಸುವುದೇ ಅಪರೂಪವಾಯಿತು. ಒಂದು ಮಧ್ಯಾಹ್ನ ಅಲ್ಲಿ ಉಳಿದಿದ್ದ ಲೆವ್ಕೆಯ ಬಟ್ಟೆಗಳನ್ನು ಒಯ್ಯಲು ಬಂದ ಕೆರಿನ್‌ಳನ್ನು ತಾಯಿ ಬಾಗಿಲಲ್ಲಿ ತಡೆದು, ಹಳೆಯ ನಂಬರನ್ನೇ ಮರಳಿ ಕೊಡಿಸಲು ರೋಲುಫ್‌ಗೆ ಹೇಳಬೇಕೆಂದು ಕೇಳಿಕೊಂಡಳು.

“ಯಾಕೆ? ಇನ್ನೂ ಏನಾದ್ರೂ ಕೊಡೋದು ಬಾಕಿ ಇದ್ಯಾ?”

“ಅವಳು ಮತ್ತೆ ಮಾಡಿದ್ರೆ...”

“ಯಾರು?”

“ಅಳ್ತಿದ್ದವಳು.” ಮಾರೆಟ್ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು. “ಕಳ್ಳಿ ಅಂತ ಗೊತ್ತು. ಬೈಬೇಡ. ಆದ್ರೆ ಅವಳು ಅಮ್ಮಾ ಅಂತ ಅತ್ಲು, ನನ್ನ ಕಾಪಾಡು ಅಂದ್ಲು. ಹಿಂದೆ ನೀನು ಅತ್ತಾಗ ನಾನು ಆಲೂಗಡ್ಡೆ ಸುಲೀತಾ ನಿಂತಿದ್ದೆನಲ್ಲ. ಈ ಸಲ ಹಾಗೆ ನಿಲ್ಬಾರ್ದು ಅಂತಷ್ಟೇ ಇತ್ತು ತಲೇಲಿ. ಬೆಳ್ಳಿ ಕಡಿಮೆ ಆಯ್ತೇನೋ ಅಂತ ಭಯ ಆಗಿತ್ತು ನನಗೆ.”

ಕೆರಿನ್ ತಾಯಿಯ ಮುಖವನ್ನು ದಿಟ್ಟಿಸಿದಳು. ಬೆಂಚಿನ ಮೇಲೆ ಅದೇ ಕಾಗದದ ಪೊಟ್ಟಣವಿತ್ತು. ಮಾರೆಟ್ ಅದನ್ನು ತುಸು ಮುಂದಕ್ಕೆ ಸರಿಸಿದಳು.

“ಅದನ್ನ ಅವಳಿಗೇ ಕೊಡು,” ಎಂದು ಕೆರಿನ್ ಬಟ್ಟೆಗಳನ್ನು ಎತ್ತಿಕೊಂಡು ಹೊರಗೆ ನಡೆದಳು.

ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು. ಹೊರಟ ಸದ್ದು ಕೇಳಿಸಲಿಲ್ಲ. ಮಾರೆಟ್ ಕಿಟಕಿಗೆ ಬಂದಳು. ಓಣಿಯಲ್ಲಿ ನಿಂತ ಕಾರಿನೊಳಗೆ ಮಗಳ ತಲೆಯ ಹಿಂಭಾಗ ಕಾಣುತ್ತಿತ್ತು. ಭುಜಗಳು ಅಲುಗುತ್ತಿದ್ದವೋ, ಗಾಜಿನ ಮೇಲೆ ಮೋಡದ ನೆರಳು ಸರಿಯುತ್ತಿತ್ತೋ, ಅವಳು ಕಣ್ಣು ಕಿರಿದಾಗಿಸಿ ನೋಡಿದಳು. ತಿಳಿಯಲಿಲ್ಲ. ಮಗಳು ಅಳುವಾಗ ಹೇಗೆ ಕಾಣುತ್ತಾಳೆಂಬುದನ್ನು ಅಂದು ಒಲೆಯ ಕಡೆಗೆ ತಿರುಗಿ ನಿಂತವಳು ನೋಡಿರಲೇ ಇಲ್ಲ. ಅವಳು ಬಾಗಿಲನ್ನು ತಲುಪಿ, ತೆರೆದು, ಮೆಟ್ಟಿಲಿಳಿಯುವಷ್ಟರಲ್ಲಿ ಕಾರು ಒಡ್ಡಿನ ರಸ್ತೆಗೆ ತಿರುಗಿತ್ತು.

ಇದನ್ನು ಕೇಳಿದವರಿಗೆಲ್ಲ ಆ ಪರಮಾತ್ಮನು ಒಳ್ಳೆಯದನ್ನು ಮಾಡಲಿ. ನಿಮ್ಮ ಬಾಗಿಲಿಗೆ ಬರುವ ದೂತರು ನಿಜದ ದೂತರಾಗಿರಲಿ. ನಿಮ್ಮ ಮನೆಯಲ್ಲಿ ಅಳುವವರು ಮನೆಯೊಳಗೇ ಅಳುವಂತಾಗಲಿ. ಅವರು ಅಳುವಾಗ ಒಲೆಯ ಮುಂದೆ ನಿಂತವರು ಕೈಯ ಕೆಲಸವನ್ನು ಬಿಟ್ಟು ತಿರುಗಿ ನೋಡುವಂತಾಗಲಿ.