ಒಂದೇ ಚೌಕ

“ಲೇ ಯಂಕ್ಟಿ, ಕೊಡ ಅತ್ಲಾಗ್ ಸರ್ಸೇ ಮುಂಡೆ! ಪೈಪ್‌ಗೆ ತಾಗುಸ್ಬುಟ್ಟಲ್ಲೇ!”

ಸಿದ್ದಮಲ್ಲಪ್ಪ ಪೈಪನ್ನು ಸರಕ್ಕನೆ ಎಳೆದುಕೊಂಡ. ಬೇಲಿಯ ಸಂದಿಯಿಂದ ಚಪ್ಪಲಿ ಕಾಲಲ್ಲೇ ಒದ್ದ ಏಟಿಗೆ ವೆಂಕಟಮ್ಮನ ಕೊಡ ಉರುಳಿ, ಅರ್ಧ ತುಂಬಿದ್ದ ನೀರೂ ಅವನ ತೆಂಗಿನ ಬುಡಕ್ಕೇ ಹರಿದು ಹೋಯಿತು.

ಕೇರಿಯ ಬೋರು ಬತ್ತಿದಾಗಿನಿಂದ ಇದೇ ಪದ್ಧತಿ. ತೋಟದ ಬೇಲಿಯಾಚೆ ಕಲ್ಲಿನ ಮೇಲೆ ಕೊಡ ಇಟ್ಟು ಹೆಂಗಸರು ದೂರ ನಿಲ್ಲಬೇಕು. ಇವನು ಈಚೆಯಿಂದ ಪೈಪು ಎತ್ತಿ ಹಿಡಿದು ಸುರಿಯುತ್ತಾನೆ. ಅವನ ಗದ್ದೆಯ ನಾಟಿಗೆ ಹೋಗದ ಮನೆಯ ಕೊಡಕ್ಕೆ ನೀರಿಲ್ಲ. ಹಿಂದಿನ ದಿನ ವೆಂಕಟಮ್ಮ ಜ್ವರ ಬಂದು ಮಲಗಿದ್ದಳು. ಪೈಪಿಗೆ ತಾಗಿತೆಂಬುದೆಲ್ಲ ಬರೀ ನೆಪ.

ಅವಳು ನುಂಗಿಕೊಂಡಳು. ಇವತ್ತೊಂದು ದಿನ ತಾನೇ. ಕೇರಿಗೊಂದು ಹೊಸ ಬೋರು ಕೊರೆಸಿಕೊಡಿ ಎಂದು ನಂಜನಗೂಡಿಗೆ ಅಲೆದೂ ಅಲೆದೂ ಸಾಕಾದ ಮೇಲೆ, ಅಂತೂ ಅಂತರ್ಜಲ ಇಲಾಖೆಯ ಸಾಹೇಬರು ನೋಡಲು ಬರುವವರಿದ್ದರು.

ಜೀಪು ಬಂತು. ಬಂದದ್ದು ನೇರ ಸಿದ್ದಮಲ್ಲಪ್ಪನ ತೋಟಕ್ಕೆ. ಎಳನೀರು ಕುಡಿದಾದ ಮೇಲೆ ಸಾಹೇಬರು ಅವನ ಮೆಟ್ಟಿಲು ಬಾವಿಗೇ ಟೇಪು ಇಳಿಬಿಟ್ಟರು. ಪಕ್ಕದಲ್ಲೇ ಹುಲ್ಲಹಳ್ಳಿ ನಾಲೆ, ಸುತ್ತ ನೀರು ನಿಂತ ಭತ್ತದ ಗದ್ದೆ. ಆ ಬಾವಿ ತುಂಬದೆ ಇನ್ನೇನಾದೀತು? ಕೇರಿ ಇದ್ದದ್ದು ಮೇಲಿನ ಕಲ್ಲುದಿಣ್ಣೆಯಲ್ಲಿ. ಅಲ್ಲಿಗೆ ಜೀಪು ಹತ್ತಲೇ ಇಲ್ಲ. ಕೇರಿಯವರೇ ಇಳಿದು ಬಂದು ಬೇಲಿಯಾಚೆ ನಿಂತರು.

“ನಿಮಗೆ ಬೋರ್ ಕೊಡೋಕಾಗಲ್ಲ,” ಎಂದರು ಸಾಹೇಬರು, ಕೈಯಲ್ಲಿದ್ದ ಟ್ಯಾಬನ್ನು ಬೇಲಿಯತ್ತ ತಿರುಗಿಸಿ. “ಇದು ಉಪಗ್ರಹದ ಲೆಕ್ಕದ ನಕ್ಷೆ. ನೀರು ಚೆನ್ನಾಗಿ ಇಂಗೋ ಕಡೆ ನೀಲಿ ಬರುತ್ತೆ. ನಿಮ್ಮೂರು ಪೂರ್ತಿ ನೀಲಿ. ಬಾವೀಲೂ ಅಷ್ಟೇ, ಕೈಗೆಟುಕೋ ಹಾಗಿದೆ ನೀರು. ಕೊರತೆ ಇರೋ ಊರಿಗೆ ಮಾತ್ರ ಬೋರು.”

ಕೇರಿಯ ಹಿರಿಯ ಕೆಂಪಯ್ಯ ಕೈ ಮುಗಿದ. “ದಮ್ಮಯ್ಯ ಸಾ, ಒಂದ್ಸಲ ಮ್ಯಾಕ್ ಬಂದ್ ನೋಡಿ. ನಮ್ ಬೋರಲ್ಲಿ ಬರೀ ಗಾಳಿ ಬತ್ತದೆ.”

“ಉಪಗ್ರಹ ಇನ್ನೂ ಮೇಲಿಂದ ನೋಡಿದೆ ಕಣಯ್ಯ.”

ತಮ್ಮ ಮಾತಿಗೆ ಸಾಹೇಬರೇ ನಕ್ಕರು. ವೆಂಕಟಮ್ಮ ಬೇಲಿಗೆ ಒತ್ತಿಕೊಂಡು ಬಂದಳು.

“ಇದ್ರಲ್ಲಿ ನಮ್ ಕೇರಿ ಯಾವ್ದು ಸಾ?”

ಸಾಹೇಬರು ಒಂದು ನೀಲಿ ಚೌಕದ ಮೇಲೆ ಬೆರಳಿಟ್ಟರು.

“ಈ ಬುದ್ಯೋರ್ ಗದ್ದೆ?” ಸಿದ್ದಮಲ್ಲಪ್ಪನತ್ತ ಕಣ್ಣು ಹಾಯಿಸಿ ಕೇಳಿದಳು.

ಬೆರಳು ಅಲ್ಲಾಡಲಿಲ್ಲ. “ಅದೂ ಇದೇ. ಅಷ್ಟೆತ್ತರದಿಂದ ಬೇರೆ ಬೇರೆ ಕಾಣಲ್ಲಮ್ಮ. ಎಲ್ಲಾ ಸೇರಿ ಒಂದೇ ಚೌಕ, ಒಂದೇ ನೀರು.”

“ಕೇಳುದ್ರೇನ್ರಲಾ?” ಸಿದ್ದಮಲ್ಲಪ್ಪ ಹಲ್ಲು ಕಿರಿದ. “ಕಾಲ್ ಕೆಳ್ಗೇ ನೀರ್ ಮಡಿಕಂಡು ಬಾಯ್ ಬಡ್ಕತಿದ್ರಿ, ಸೋಂಬೇರಿ ನನ್ಮಕ್ಳಾ. ನೆಟ್ಟಗೆ ನಾಟಿಗ್ ಬನ್ನಿ, ಪೈಪ್ ಬುಡ್ತೀನಿ.”

ವೆಂಕಟಮ್ಮನಿಗೆ ಮೈಯೆಲ್ಲ ಉರಿದು ಹೋಯಿತು. ಕೊಡ ಇಡುವಾಗ ಬೇರೆ, ನಿಲ್ಲುವಾಗ ಬೇರೆ. ಇಲ್ಲ ಅನ್ನುವಾಗ ಮಾತ್ರ ಊರೂ ಕೇರಿಯೂ ಒಂದಾಗಿಬಿಟ್ಟವಲ್ಲ!

ಉರುಳಿದ್ದ ಕೊಡವನ್ನು ಎತ್ತಿಕೊಂಡಳು. ಬೇಲಿಯ ಮುಳ್ಳುತಡಿಕೆ ಸರಿಸಿ ಒಳಗೆ ಬಂದಳು.

“ಒಂದೇ ನೀರು ಅಂದ್ರಲ್ಲ ಸಾ. ಸರಿ ಬುಡಿ.”

ಸಾಹೇಬರ ಪಕ್ಕದಲ್ಲೇ ಹಾದು ಬಾವಿಯ ಮೆಟ್ಟಿಲಿಗೆ ಕಾಲಿಟ್ಟಳು. ಆ ಮೆಟ್ಟಿಲು ಕಟ್ಟಿದ್ದು ಕೇರಿಯವರು. ಕಟ್ಟಿದ ಮೇಲೆ ಒಬ್ಬರೂ ಇಳಿದಿರಲಿಲ್ಲ.

“ಲೇಯ್, ಇಳೀಬ್ಯಾಡ ಕಣೇ ಲೌಡಿ! ಬಾವಿ ಕೆಡಿಸ್ಬುಡ್ತಾಳೆ! ಇಡ್ಕಳ್ರಲಾ ಅವಳ್ನ!”

ಬೇಲಿಯಾಚೆ ಕೇರಿಯವರು ಯಾರೂ ಕದಲಲಿಲ್ಲ. ಸಿದ್ದಮಲ್ಲಪ್ಪ ತಾನೇ ಓಡಿ ಬಂದ. ಕೈ ಚಾಚಿದ, ಮುಟ್ಟಬೇಕಾಗುತ್ತದೆಂದು ನೆನಪಾಗಿ ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಿ ಕೊಡ ಗುಳುಗುಳು ಮುಳುಗಿ ತುಂಬಿತ್ತು.

ಕೊಡ ಸೊಂಟಕ್ಕಿಟ್ಟುಕೊಂಡು ಅವಳು ಮೆಟ್ಟಿಲು ಹತ್ತಿದಳು. ಮೇಲಿನ ಮೆಟ್ಟಿಲಲ್ಲಿ ಅವನು ಎರಡೂ ಕೈ ಅಗಲಿಸಿ ಅಡ್ಡ ನಿಂತಿದ್ದ.

“ಸುರೀ ವಾಪಸ್ಸು!”

“ಸುರಿಯಾಕಿಲ್ಲ. ದಾರಿ ಬುಡ್ತೀರೋ, ಮುಟ್ಟಿ ತಡೀತೀರೋ, ಬುದ್ಧಿ?”

ಅವನ ಉಸಿರು ಮುಖಕ್ಕೆ ಬಡಿಯುವಷ್ಟು ಹತ್ತಿರಕ್ಕೆ ಅವಳು ಹತ್ತಿ ಬಂದಳು. ಸಾಹೇಬರು ಅವಸರವಾಗಿ ಟೇಪು ಸುತ್ತತೊಡಗಿದರು. ಬೇಲಿಯಾಚೆ ಹೆಂಗಸರು ಕಲ್ಲಿನ ಮೇಲಿದ್ದ ತಂತಮ್ಮ ಕೊಡಗಳನ್ನು ಕೈಗೆತ್ತಿಕೊಂಡರು.